ಘೇಂಡಾಮೃಗ ಮತ್ತು ತಾಮ್ರದ ತಗಡು: ಯೂರೋಪಿನ ಪುನರುಜ್ಜೀವನ ಕಾಲದ ಕಲೆ ಊರೂರು ಸುತ್ತಿದ ಬಗೆ

1515ರ ಮೇ 20ರಂದು ಲಿಸ್ಬನ್ ಬಂದರಿನಲ್ಲಿ ಹಡಗಿನಿಂದ ಒಂದು ಘೇಂಡಾಮೃಗವನ್ನು ಇಳಿಸಿದರು. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಷಾ ಅದನ್ನು ಗೋವೆಯ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ಡಿ ಆಲ್ಬುಕರ್ಕ್‌ಗೆ ಉಡುಗೊರೆಯಾಗಿ ಕೊಟ್ಟಿದ್ದ. ಆಲ್ಬುಕರ್ಕ್ ಅದನ್ನು ತನ್ನ ದೊರೆ ಮ್ಯಾನುಯೆಲ್‌ಗೆ ಕಳಿಸಿಕೊಟ್ಟ. ರೋಮನ್ನರ ಕಾಲ ಮುಗಿದ ಮೇಲೆ ಯೂರೋಪಿನ ಜನ ಜೀವಂತ ಘೇಂಡಾಮೃಗವನ್ನು ಕಂಡದ್ದು ಅದೇ ಮೊದಲು. ಪೋರ್ಚುಗೀಸರು ಅದನ್ನು ‘ಗಂಡ’ ಎಂದು ಕರೆದರು. ನಮ್ಮ ಘೇಂಡಾಮೃಗ, ಸಂಸ್ಕೃತದ ಗಂಡಕ ಇವೆಲ್ಲ ಒಂದೇ ಬಳಗದ ಮಾತುಗಳು.

ಲಿಸ್ಬನ್ನಿನಿಂದ ಒಂದು ಪತ್ರವೂ ಒಂದು ರೇಖಾಚಿತ್ರವೂ ಜರ್ಮನಿಯ ನ್ಯೂರೆಂಬರ್ಗ್ ಊರಿಗೆ ಹೋದವು. ಅವನ್ನು ಕಂಡ ಆಲ್ಬ್ರೆಕ್ಟ್ ಡ್ಯೂರರ್ ಎಂಬ ಚಿತ್ರಕಾರ, ಪ್ರಾಣಿಯನ್ನು ಒಮ್ಮೆಯೂ ನೋಡದೆ, ಅದರ ಚಿತ್ರ ಬರೆದು ಮರದ ಹಲಗೆಯಲ್ಲಿ ಅಚ್ಚು ಮಾಡಿಸಿದ. ಪ್ರಾಣಿಯ ಗತಿ ಬೇರೆಯಾಯಿತು. ಮ್ಯಾನುಯೆಲ್ ಅದನ್ನು ಪೋಪ್ ಹತ್ತನೆಯ ಲಿಯೋಗೆ ಕಾಣಿಕೆಯಾಗಿ ಕಳಿಸಿದಾಗ ಇಟಲಿಯ ಕರಾವಳಿಯ ಬಳಿ ಹಡಗು ಒಡೆಯಿತು. ಸರಪಳಿ ಬಿಗಿದಿದ್ದ ಘೇಂಡಾಮೃಗ ಮುಳುಗಿ ಸತ್ತಿತು. ಡ್ಯೂರರನ ಹಾಳೆ ಮಾತ್ರ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯೂರೋಪಿನ ಶಾಲೆ, ಅಂಗಡಿ, ಅರಮನೆಗಳಲ್ಲಿ ‘ಘೇಂಡಾಮೃಗ ಎಂದರೆ ಹೀಗೆ’ ಎಂದು ಹೇಳುತ್ತ ಉಳಿಯಿತು.

ಪುನರುಜ್ಜೀವನ ಕಾಲ, ಅಂದರೆ ರೆನೆಸಾನ್ಸ್, ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮೊನಾಲಿಸಾ, ಸಿಸ್ಟೀನ್ ಪ್ರಾರ್ಥನಾಮಂದಿರದ ಚಾವಣಿ, ದಾವಿದನ ಅಮೃತಶಿಲೆಯ ಮೂರ್ತಿ. ಆದರೆ ಆ ಕಾಲದವರಲ್ಲಿ ಇವನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯವರು. ದೂರದೂರಿನ ಕಲಾವಿದನ ಕೈ ಹೇಗಿದೆ ಎಂದು ಉಳಿದವರಿಗೆ ಗೊತ್ತಾದದ್ದು ಕಾಗದದಿಂದ. ಆ ಕಾಲದ ದೊಡ್ಡ ಹೊಸತು ಯಾವುದೆಂದು ಕೇಳಿದರೆ, ಯಥಾದೃಷ್ಟಿಯ ರೇಖಾಗಣಿತಕ್ಕಿಂತ, ಎಣ್ಣೆಬಣ್ಣಕ್ಕಿಂತ ಮೊದಲು ನಾನು ಈ ಅಚ್ಚಿನ ಹಾಳೆಯನ್ನು ತೋರಿಸುತ್ತೇನೆ.

ಗೋಡೆ, ಹಲಗೆ, ಬಟ್ಟೆ

ಅಚ್ಚಿಗೆ ಮುಂಚೆ ಚಿತ್ರ ಎಂದರೆ ಭಾರ. ಹಸಿ ಗಾರೆಯ ಮೇಲೆ ಬರೆದ ಭಿತ್ತಿಚಿತ್ರ ಗೋಡೆಯನ್ನು ಬಿಟ್ಟು ಕದಲುವಂತಿಲ್ಲ. ಮರದ ಹಲಗೆಯ ಮೇಲಿನ ಚಿತ್ರ ಕದಲಬಹುದು, ಆದರೆ ಸುಲಭವಾಗಿ ಅಲ್ಲ. ಮೆದಿಚಿ ಮನೆತನದ ಬ್ಯಾಂಕಿಗೆ ಬ್ರೂಜ್ ಊರಿನಲ್ಲಿ ಪ್ರತಿನಿಧಿಯಾಗಿದ್ದ ತೊಮ್ಮಾಸೊ ಪೋರ್ತಿನಾರಿ, ಹ್ಯೂಗೊ ವಾನ್ ಡರ್ ಗೂಸ್ ಎಂಬ ಫ್ಲೆಮಿಷ್ ಚಿತ್ರಕಾರನಿಂದ ಫ್ಲಾರೆನ್ಸಿನ ಆಸ್ಪತ್ರೆಯೊಂದರ ಚರ್ಚಿಗಾಗಿ ಮೂರು ಹಲಗೆಗಳ ಬಲಿಪೀಠಚಿತ್ರ ಬರೆಸಿದ. ಬಿಚ್ಚಿಟ್ಟರೆ ಅದರ ಅಗಲ ಸುಮಾರು ಆರು ಮೀಟರ್. ಸಮುದ್ರದ ದಾರಿಯಲ್ಲಿ ಸುತ್ತಿಕೊಂಡು 1483ರಲ್ಲಿ ಅದು ಫ್ಲಾರೆನ್ಸ್ ತಲುಪಿದಾಗ ಹೊರಲು ಕೂಲಿಯಾಳುಗಳ ದಂಡೇ ಬೇಕಾಯಿತು. ಅದರಲ್ಲಿದ್ದ ಒರಟು ಮುಖದ, ಬಾಯ್ದೆರೆದ ಕುರುಬರು ಅಲ್ಲಿನ ಕಲಾವಿದರನ್ನು ಬೆಚ್ಚಿಬೀಳಿಸಿದರು. 1485ರಲ್ಲಿ ಗಿರ್ಲಾಂದಾಯೊ ಬರೆದ ಕ್ರಿಸ್ತಜನನದ ಚಿತ್ರದಲ್ಲಿ ಅದೇ ಕುರುಬರು ಇಟಲಿಯ ಬಟ್ಟೆ ತೊಟ್ಟು ಕೂತಿದ್ದಾರೆ. ಒಂದು ಚಿತ್ರ ಬಂದದ್ದಕ್ಕೆ ಒಂದು ಊರಿನ ಕಲೆ ತಿರುಗಿತು. ಆದರೆ ಅಂಥ ಒಂದನ್ನು ತರಿಸಲು ಬ್ಯಾಂಕಿನ ದುಡ್ಡು, ಹಡಗು, ಆಳುಗಳು ಎಲ್ಲವೂ ಬೇಕಿದ್ದವು.

ಹಗುರಾಗಿಸುವ ಪ್ರಯತ್ನಗಳು ನಡೆದೇ ಇದ್ದವು. ತೇವದ ಗಾಳಿಯಿಂದ ಭಿತ್ತಿಚಿತ್ರ ಉದುರಿಹೋಗುವ ವೆನಿಸ್ಸಿನಲ್ಲಿ, ಹಾಯಿಬಟ್ಟೆಗೆ ಬರವಿಲ್ಲದ ಆ ಬಂದರಿನಲ್ಲಿ, ಕಲಾವಿದರು ಕ್ಯಾನ್ವಾಸಿಗೆ ಹೊರಳಿದರು. ಒಣಗಿದ ಎಣ್ಣೆಬಣ್ಣ ಬಾಗುತ್ತದೆ, ಬಟ್ಟೆಯನ್ನು ಸುರುಳಿ ಸುತ್ತಬಹುದು. ಆದರೂ ಒಂದು ಚಿತ್ರ ಒಂದು ಸಮಯಕ್ಕೆ ಒಂದೇ ಊರಿನಲ್ಲಿ ಇರುತ್ತಿತ್ತು.

ಮರದಚ್ಚು, ತಾಮ್ರದಚ್ಚು

ಅಚ್ಚು ಎರಡು ಬಗೆ, ಎರಡರ ತರ್ಕ ಒಂದಕ್ಕೊಂದು ತಿರುವುಮುರುವು.

ಮರದಚ್ಚು ಯೂರೋಪಿನಲ್ಲಿ 1400ರ ಆಸುಪಾಸಿನಿಂದ ಕಾಣಿಸುತ್ತದೆ. ಪೇರ್ ಮರದಂಥ ಬಿಗಿ ಎಳೆಯ ಮರದ ಹಲಗೆಯನ್ನು ನುಣುಪು ಮಾಡಿ, ಅದರ ಮೇಲೆ ಚಿತ್ರ ಬರೆದು, ಗೆರೆಗಳನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಕೆತ್ತಿ ತೆಗೆಯುತ್ತಾರೆ. ಉಬ್ಬಿನಿಂತ ಗೆರೆಗೆ ಶಾಯಿ ಹಚ್ಚಿ ಒತ್ತಿದರೆ ಚಿತ್ರ. ಅಕ್ಷರದ ಮೊಳೆಗಳೂ ಹೀಗೇ ಉಬ್ಬಿರುವುದರಿಂದ ಮರದಚ್ಚನ್ನು ಮೊಳೆಗಳ ಪಕ್ಕದಲ್ಲಿಟ್ಟು ಒಂದೇ ಯಂತ್ರದಲ್ಲಿ ಮುದ್ರಿಸಬಹುದಿತ್ತು. ಸಚಿತ್ರ ಪುಸ್ತಕ ಹುಟ್ಟಿದ್ದು ಹೀಗೆ. 1493ರಲ್ಲಿ ನ್ಯೂರೆಂಬರ್ಗಿನಲ್ಲಿ ಹೊರಬಂದ ಜಗತ್ತಿನ ಇತಿಹಾಸದ ಹೊತ್ತಗೆಯಲ್ಲಿ ಸುಮಾರು 1,800 ಚಿತ್ರಗಳಿವೆ, ಕೆತ್ತಿದ ಹಲಗೆಗಳು ಮಾತ್ರ 645ರಷ್ಟು. ಒಂದೇ ಊರಿನ ಚಿತ್ರ ಹಲವು ಊರುಗಳ ಹೆಸರಿನ ಕೆಳಗೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಯಾರೂ ತಕರಾರು ಮಾಡಿದಂತೆ ಕಾಣದು.

ತಾಮ್ರದಚ್ಚು ಅಕ್ಕಸಾಲಿಗರ ಮನೆಯ ಮಗು. ಇದರಲ್ಲಿ ಗೆರೆಯೇ ತಗ್ಗು. ನುಣುಪಾದ ತಗಡನ್ನು ಚರ್ಮದ ಮೆತ್ತೆಯ ಮೇಲಿಟ್ಟು, ಅಂಗೈಗೆ ಒತ್ತಿ ಹಿಡಿದ ಬ್ಯೂರಿನ್ ಎಂಬ ಸಣ್ಣ ಉಳಿಯನ್ನು ಮುಂದಕ್ಕೆ ತಳ್ಳುತ್ತಾರೆ. ನಮ್ಮ ತಾಮ್ರಶಾಸನದವರು ಹೇಳುತ್ತಿದ್ದಂತೆ, ಕಂಡರಿಸುತ್ತಾರೆ. ಬಾಗಿದ ಗೆರೆ ಬೇಕಾದಾಗ ಉಳಿ ಹಿಡಿದ ಕೈ ತಿರುಗುವುದಿಲ್ಲ, ಎಡಗೈ ತಗಡನ್ನೇ ತಿರುಗಿಸುತ್ತದೆ. ಗೆರೆಯ ಇಕ್ಕೆಲದಲ್ಲಿ ಎದ್ದ ತಾಮ್ರದ ಅಂಚನ್ನು ಹೆರೆದು ತೆಗೆಯಬೇಕು. ಆಮೇಲೆ ಅಗಸೆಎಣ್ಣೆ, ಕಾಡಿಗೆ ಕೂಡಿಸಿದ ಗಟ್ಟಿ ಶಾಯಿಯನ್ನು ತಗಡಿನ ಮೈತುಂಬ ತಿಕ್ಕಿ, ಬಟ್ಟೆಯಿಂದಲೂ ಕೊನೆಗೆ ಬರಿಯ ಅಂಗೈಯಿಂದಲೂ ಒರೆಸಿದರೆ ಶಾಯಿ ತಗ್ಗುಗಳಲ್ಲಿ ಮಾತ್ರ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಎರಡು ಉರುಳೆಗಳ ನಡುವೆ ಬಿಗಿಯಾಗಿ ಹಾಯಿಸಿದಾಗ ಕಾಗದ ತಗ್ಗಿಗಿಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಹಳೆಯ ತಾಮ್ರದಚ್ಚಿನ ಹಾಳೆಯ ಸುತ್ತ ತಗಡಿನ ಅಂಚು ಒತ್ತಿದ ಗುರುತು ಇಂದಿಗೂ ಕಾಣುತ್ತದೆ. ಬೆರಳಿಟ್ಟರೆ ಗೆರೆಗಳು ಉಬ್ಬಿರುವುದೂ ತಿಳಿಯುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆ ಇಲ್ಲಿ ಸಾಧ್ಯ. ಆದರೆ ತಾಮ್ರ ಮೆತ್ತಗೆ, ಬೇಗ ಸವೆಯುತ್ತದೆ. ಒಳ್ಳೆಯ ಮರದಚ್ಚು ಸಾವಿರಾರು ಪ್ರತಿ ತಾಳಿಕೊಳ್ಳುತ್ತದೆ, ತಾಮ್ರದ ತಗಡು ಅಷ್ಟು ತಾಳದು.

ಮೂರನೆಯದೊಂದು ದಾರಿಯನ್ನು ಕವಚ ಮಾಡುವವರು ತೆರೆದರು. ಕಬ್ಬಿಣದ ಕವಚದ ಮೇಲೆ ಆಮ್ಲದಿಂದ ಬಳ್ಳಿಚಿತ್ತಾರ ಕೊರೆಯುತ್ತಿದ್ದ ಆಗ್ಸ್‌ಬರ್ಗ್ ಊರಿನ ಡೇನಿಯಲ್ ಹಾಪ್ಫರ್ 1500ರ ಹೊತ್ತಿಗೆ ಅದೇ ವಿದ್ಯೆಯನ್ನು ಕಾಗದದ ಚಿತ್ರಕ್ಕೆ ಬಳಸಿದ. ಮೇಣದ ಮೇಲೆ ಸೂಜಿಯಿಂದ ಬರೆದರೆ ಸಾಕು, ಲೋಹವನ್ನು ಕೊರೆಯುವ ಕೆಲಸ ಆಮ್ಲದ್ದು.

ಯಾವ ಬಗೆಯಾದರೂ ಒತ್ತಿದಾಗ ಬಲ ಎಡವಾಗುತ್ತದೆ. ಕೆತ್ತುವವನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಯೋಚಿಸಬೇಕಿತ್ತು, ತನ್ನ ಹೆಸರಿನ ಅಕ್ಷರವನ್ನೂ.

ಇಂಥ ಹಾಳೆಯ ಪಯಣಕ್ಕೆ ಒಂದು ಉದಾಹರಣೆ. ರೈನ್ ನದಿಯ ಸೀಮೆಯ ಕೋಲ್ಮಾರ್ ಊರಿನ ಮಾರ್ಟಿನ್ ಶೋನ್‌ಗೌರ್, ದೆವ್ವಗಳು ಸಂತ ಆಂಟನಿಯನ್ನು ಗಾಳಿಯಲ್ಲಿ ಎಳೆದಾಡುವ ದೃಶ್ಯವನ್ನು 1470ರ ದಶಕದಲ್ಲಿ ತಾಮ್ರದಲ್ಲಿ ಕಂಡರಿಸಿದ್ದ. ಅದು ಆಲ್ಪ್ಸ್ ದಾಟಿ ಫ್ಲಾರೆನ್ಸಿನಲ್ಲಿ ಒಬ್ಬ ಹುಡುಗನ ಕೈಗೆ ಸಿಕ್ಕಿತು. ಹುಡುಗ ಅದನ್ನು ನೋಡಿ ಬಣ್ಣದಲ್ಲಿ ಬರೆದ. ದೆವ್ವಗಳ ಮೈಯ ಹೊಳಪು ಸರಿಯಾಗಿ ಬರಲೆಂದು ಮೀನಿನ ಮಾರುಕಟ್ಟೆಗೆ ಹೋಗಿ ರೆಕ್ಕೆ, ಕಣ್ಣುಗಳ ಬಣ್ಣ ನೋಡಿಕೊಂಡು ಬಂದನೆಂದು ಅವನ ಜೀವನಚರಿತ್ರೆ ಬರೆದ ಕೊಂದಿವಿ ಹೇಳುತ್ತಾನೆ. ಆ ಹುಡುಗ ಮೈಕೆಲೆಂಜೆಲೊ.

ಅಕ್ಕಸಾಲಿಗನ ಮಗ

ಡ್ಯೂರರ್ 1471ರಲ್ಲಿ ನ್ಯೂರೆಂಬರ್ಗಿನ ಅಕ್ಕಸಾಲಿಗನ ಮನೆಯಲ್ಲಿ ಹುಟ್ಟಿದ. ಅವನ ಧರ್ಮಪಿತ ಆಂಟನ್ ಕೋಬರ್ಗರ್ ಆ ಕಾಲದ ಬಹುದೊಡ್ಡ ಪುಸ್ತಕ ಮುದ್ರಕ, ಮೇಲೆ ಹೇಳಿದ ಇತಿಹಾಸದ ಹೊತ್ತಗೆಯನ್ನು ಅಚ್ಚು ಹಾಕಿದವನು. ಗುರು ಮೈಕೆಲ್ ವೋಲ್ಗೆಮುಟ್ ಅದೇ ಹೊತ್ತಗೆಗೆ ಚಿತ್ರ ಮಾಡಿಕೊಟ್ಟವನು. ಅಂದರೆ ಲೋಹದ ಕೆಲಸ, ಮುದ್ರಣದ ವ್ಯಾಪಾರ, ಚಿತ್ರಕಲೆ ಮೂರೂ ಈ ಹುಡುಗನಿಗೆ ಒಂದೇ ಓಣಿಯಲ್ಲಿ ಸಿಕ್ಕವು.

ಅವನು ಮಾಡಿದ ಹೊಸ ಕೆಲಸ ಗೆರೆಯಲ್ಲಷ್ಟೇ ಇಲ್ಲ, ಲೆಕ್ಕದಲ್ಲೂ ಇದೆ. 1498ರಲ್ಲಿ ಲೋಕಾಂತ್ಯದ ದರ್ಶನವನ್ನು ತೋರಿಸುವ 15 ದೊಡ್ಡ ಮರದಚ್ಚುಗಳ ಪುಸ್ತಕವನ್ನು ತಾನೇ ಪ್ರಕಟಿಸಿದ. ಯಾವ ಅರಸನೂ ಯಾವ ಚರ್ಚೂ ಅದನ್ನು ಬರೆಸಿರಲಿಲ್ಲ. ಮೊದಲು ಕೊಳ್ಳುವವನು ಹೇಳಬೇಕು, ಮುಂಗಡ ಕೊಡಬೇಕು, ಆಮೇಲೆ ಕಲಾವಿದ ಕುಂಚ ಹಿಡಿಯಬೇಕು ಎಂಬ ಕ್ರಮವನ್ನು ಅವನು ತಿರುಗಿಸಿದ. ಮೊದಲು ಚಿತ್ರ, ಆಮೇಲೆ ಕೊಳ್ಳುವವರು, ಅದೂ ಮುಖಪರಿಚಯವೇ ಇಲ್ಲದವರು. ಅದಕ್ಕೂ ಒಂದು ವರ್ಷ ಮೊದಲೇ, 1497ರಲ್ಲಿ, ಊರಿಂದೂರಿಗೆ ಹೋಗಿ ತನ್ನ ಹಾಳೆಗಳನ್ನು ಮಾರಲು ಒಬ್ಬ ಪ್ರತಿನಿಧಿಯೊಡನೆ ಕರಾರು ಮಾಡಿಕೊಂಡಿದ್ದ.

ಮನೆಯ ಹೆಂಗಸರ ದುಡಿಮೆ ಇಲ್ಲಿ ದೊಡ್ಡದು. ತಾಯಿ ಬಾರ್ಬರಾ ನ್ಯೂರೆಂಬರ್ಗಿನ ಸಂತೆಯಲ್ಲಿ, ಹೆಂಡತಿ ಆಗ್ನೆಸ್ ಫ್ರಾಂಕ್‌ಫರ್ಟಿನ ಜಾತ್ರೆಯಲ್ಲಿ ಅವನ ಹಾಳೆಗಳನ್ನು ಮಾರಿದರು. ಡ್ಯೂರರನ ಕೀರ್ತಿಯ ಕಥೆಯಲ್ಲಿ ಆಗ್ನೆಸಳನ್ನು ಜಗಳಗಂಟಿ ಎಂದು ಬರೆಯುವುದು ಬಹಳ ಕಾಲ ನಡೆದುಬಂತು. ಜಾತ್ರೆಯಲ್ಲಿ ಹಾಳೆ ಹರಡಿ ಕೂತು ಗಿರಾಕಿಯೊಡನೆ ಮಾತಾಡಿ ದುಡ್ಡು ತಂದವಳನ್ನು ನಾವು ಆ ವ್ಯವಹಾರದ ಪಾಲುದಾರಳು ಎಂದೇ ಕರೆಯಬೇಕು.

ಅಚ್ಚಿನಿಂದ ಎಷ್ಟು ಬದಲಾಯಿತು ಎಂಬುದಕ್ಕೆ ಡ್ಯೂರರನ ಮಾತೇ ಸಾಕ್ಷಿ. ಫ್ರಾಂಕ್‌ಫರ್ಟಿನ ವರ್ತಕ ಯಾಕೋಬ್ ಹೆಲ್ಲರ್ ಒಂದು ಬಲಿಪೀಠಚಿತ್ರ ಬರೆಸುತ್ತಿದ್ದ; ಅದರ ಬೆಲೆಯ ಬಗ್ಗೆ ಇಬ್ಬರಿಗೂ ಹಗ್ಗಜಗ್ಗಾಟ. 1509ರಲ್ಲಿ ಡ್ಯೂರರ್ ಅವನಿಗೆ ಬರೆದ ಪತ್ರದ ಸಾರ ಇಷ್ಟು: ಇಷ್ಟು ನಾಜೂಕಾಗಿ ಬಣ್ಣದ ಚಿತ್ರ ಬರೆಯುತ್ತ ಕೂತರೆ ಹೊಟ್ಟೆಗೆ ಹಿಟ್ಟಿಲ್ಲ, ಕಂಡರಣೆಯನ್ನೇ ಹಿಡಿದುಕೊಂಡಿದ್ದರೆ ಇಷ್ಟು ಹೊತ್ತಿಗೆ ಸಾವಿರ ನಾಣ್ಯದಷ್ಟು ಹೆಚ್ಚು ಅನುಕೂಲಸ್ಥನಾಗಿರುತ್ತಿದ್ದೆ.

1520ರಲ್ಲಿ ಅವನು ನೆದರ್ಲೆಂಡ್ಸ್ ಸೀಮೆಗೆ ಹೊರಟಾಗ ಪೆಟ್ಟಿಗೆಯಲ್ಲಿ ಅಚ್ಚುಚಿತ್ರಗಳನ್ನು ತುಂಬಿಕೊಂಡು ಹೋದ. ಅವನ ದಿನಚರಿ ಒಂದು ಅಂಗಡಿಲೆಕ್ಕದ ಹಾಗಿದೆ: ಇಷ್ಟು ಮಾರಿದೆ, ಇಷ್ಟನ್ನು ಊಟ ಹಾಕಿದವರಿಗೆ ಕೊಟ್ಟೆ, ಇಷ್ಟಕ್ಕೆ ಬದಲಾಗಿ ಇಂಥ ವಸ್ತು ಪಡೆದೆ. ಹಾಳೆ ಅವನಿಗೆ ಸರಕೂ ಹೌದು, ನಾಣ್ಯವೂ ಹೌದು, ಗುರುತಿನ ಚೀಟಿಯೂ ಹೌದು.

ಘೇಂಡಾಮೃಗದ ಹಾಳೆ

ಈಗ ಆ 1515ರ ಹಾಳೆಯನ್ನು ಹತ್ತಿರದಿಂದ ನೋಡೋಣ. ಅಗಲ ಸುಮಾರು 30 ಸೆಂಟಿಮೀಟರ್. ಪ್ರಾಣಿ ಚೌಕಟ್ಟಿನೊಳಗೆ ಇಕ್ಕಟ್ಟಾಗಿ ನಿಂತಿದೆ, ಮೂಗಿನ ಕೊಂಬು ಅಂಚನ್ನೇ ಮುಟ್ಟುವಂತಿದೆ. ಮೈಯ ಚರ್ಮದ ಮಡಿಕೆಗಳು ಕಮ್ಮಾರ ತಟ್ಟಿ ಮೊಳೆ ಹೊಡೆದ ಕವಚದ ತಗಡುಗಳಾಗಿವೆ. ಕಾಲಿಗೆ ಹಲ್ಲಿಯ ಮೈಯಂಥ ಹುರುಪೆ. ಹೆಗಲ ಮೇಲೆ ತಿರುಚಿದ ಒಂದು ಪುಟ್ಟ ಕೊಂಬು, ಯಾವ ಘೇಂಡಾಮೃಗಕ್ಕೂ ಇಲ್ಲದ್ದು. ಮೇಲೆ ಮೊಳೆಯಕ್ಷರದಲ್ಲಿ ಪ್ರಾಣಿಯ ವಿವರ ಅಚ್ಚಾಗಿದೆ. ಅದು ಲಿಸ್ಬನ್ನಿಗೆ ಬಂದ ವರ್ಷವನ್ನು 1513 ಎಂದು ತಪ್ಪಾಗಿ ಹೇಳುತ್ತದೆ.

1515ರಲ್ಲೇ ಆಗ್ಸ್‌ಬರ್ಗಿನ ಹಾನ್ಸ್ ಬುರ್ಕ್‌ಮೈರ್ ಕೂಡ ಅದೇ ಪ್ರಾಣಿಯ ಮರದಚ್ಚು ಮಾಡಿದ. ಅವನ ಘೇಂಡಾಮೃಗ ನಿಜಕ್ಕೆ ಹೆಚ್ಚು ಹತ್ತಿರ, ಮುಂಗಾಲುಗಳಿಗೆ ಕಟ್ಟು ಕೂಡ ಇದೆ. ಆದರೆ ಅದರ ಒಂದೇ ಒಂದು ಪ್ರತಿ ಇಂದು ಉಳಿದಿದೆ, ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿ. ಡ್ಯೂರರನದು ಅವನು ಬದುಕಿದ್ದಾಗಲೇ ನಾಲ್ಕೈದು ಸಾವಿರ ಪ್ರತಿ ಖರ್ಚಾಗಿರಬಹುದೆಂದು ವಿದ್ವಾಂಸರ ಅಂದಾಜು. ನಿಜ ತೋರಿಸಿದ ಚಿತ್ರ ಮೂಲೆಗೆ ಬಿತ್ತು, ಕಲ್ಪನೆಯದು ಪಠ್ಯಪುಸ್ತಕ ಸೇರಿತು. ಕೈಬರಹದ ಕಾಲದಲ್ಲಿ ಒಂದು ತಪ್ಪು ಒಂದು ಪುಸ್ತಕದಲ್ಲಿ ಇರುತ್ತಿತ್ತು. ಅಚ್ಚು ಬಂದ ಮೇಲೆ ಅದೇ ತಪ್ಪು ಒಂದು ಕೂದಲೂ ಕೊಂಕದೆ ಸಾವಿರ ಮನೆ ತಲುಪಿತು.

ರೋಮಿನಲ್ಲಿ ಮೂವರ ಕೂಟ

ಇಟಲಿಯಲ್ಲಿ ಕೆಲಸ ಹಂಚಿಹೋಯಿತು. ರಾಫೆಲ್ ತಾನು ಉಳಿ ಮುಟ್ಟಲಿಲ್ಲ. ಅವನು ರೇಖಾಚಿತ್ರ ಬರೆದುಕೊಟ್ಟ, 1510ರ ಸುಮಾರಿಗೆ ರೋಮಿಗೆ ಬಂದ ಮಾರ್ಕಾಂಟೋನಿಯೊ ರೈಮೊಂದಿ ಅದನ್ನು ತಾಮ್ರಕ್ಕಿಳಿಸಿದ, ಬವಿಯೆರಾ ಎಂದು ಹೆಸರಾದ ಸಹಾಯಕ ಒತ್ತುಯಂತ್ರವನ್ನೂ ಮಾರಾಟವನ್ನೂ ನೋಡಿಕೊಂಡ. ಕಲ್ಪಿಸುವವನು, ಕಂಡರಿಸುವವನು, ಪ್ರಕಟಿಸುವವನು ಬೇರೆ ಬೇರೆ ಎಂಬ ಈ ಏರ್ಪಾಟು ಮುಂದಿನ ಮೂರು ಶತಮಾನ ಯೂರೋಪಿನಲ್ಲಿ ನಡೆಯಿತು. ಹಾಳೆಯ ಅಡಿಯಲ್ಲಿ ಲ್ಯಾಟಿನ್ ಮಾತಿನಲ್ಲಿ ಮೂವರ ಹೆಸರನ್ನೂ ಹಾಕುವ ವಾಡಿಕೆ ಬೆಳೆಯಿತು.

ಈ ಮೂವರ ಕೆಲಸದಲ್ಲಿ ಒಂದು ‘ಪ್ಯಾರಿಸನ ತೀರ್ಪು’. ರಾಫೆಲ್ ಇದನ್ನು ಎಲ್ಲೂ ಬಣ್ಣದ ಚಿತ್ರವಾಗಿ ಬರೆಯಲಿಲ್ಲ, ಮೂಲದ ರೇಖಾಚಿತ್ರವೂ ಉಳಿದಿಲ್ಲ. ಉಳಿದಿರುವುದು ಅಚ್ಚು ಮಾತ್ರ. ಹೀಗಾಗಿ ಇದನ್ನು ನಕಲು ಎನ್ನಲು ನನಗೆ ಮನಸ್ಸಾಗದು. ಅಚ್ಚಿಗೆಂದೇ ಹುಟ್ಟಿದ ಕೃತಿ ಇದು. ಅದರ ಬಲಮೂಲೆಯಲ್ಲಿ ಮೂವರು ನದಿದೇವತೆಗಳು ಕೂತಿದ್ದಾರೆ. ಮುನ್ನೂರೈವತ್ತು ವರ್ಷಗಳ ಬಳಿಕ, 1863ರಲ್ಲಿ, ಪ್ಯಾರಿಸ್ಸಿನ ಎದುವಾರ್ ಮಾನೆ ಆ ಮೂವರ ಭಂಗಿಯನ್ನೇ ತೆಗೆದುಕೊಂಡು ‘ಹುಲ್ಲಿನ ಮೇಲಿನ ಊಟ’ ಎಂಬ ಚಿತ್ರ ಬರೆದು ಊರನ್ನೇ ರೇಗಿಸಿದ.

ರಾಫೆಲ್ ಮತ್ತು ಡ್ಯೂರರ್ ಕಾಗದದಲ್ಲೇ ಒಬ್ಬರಿಗೊಬ್ಬರು ಕೈ ಚಾಚಿದವರು. ರಾಫೆಲ್ ಕಳಿಸಿದ ಒಂದು ರೇಖಾಚಿತ್ರ ಆಲ್ಬರ್ಟೀನಾದಲ್ಲಿದೆ. ತನ್ನ ಕೈ ಹೇಗಿದೆ ಎಂದು ತೋರಿಸಲು ಅವನು ಇದನ್ನು ಕಳಿಸಿದ ಎಂದು ಡ್ಯೂರರ್ ಅದರ ಮೇಲೆ 1515ರ ತಾರೀಖಿನೊಡನೆ ಬರೆದಿಟ್ಟಿದ್ದಾನೆ. 1520ರ ವಸಂತದಲ್ಲಿ ರಾಫೆಲ್ ತೀರಿಕೊಂಡ. ಅದೇ ವರ್ಷ ಆಂಟ್ವರ್ಪಿನಲ್ಲಿ ರಾಫೆಲನ ಬಳಗದ ತೊಮ್ಮಾಸೊ ವಿಂಚಿದೊರ್ ಸಿಕ್ಕಾಗ ಡ್ಯೂರರ್ ತನ್ನ ಅಚ್ಚುಗಳ ಪೂರ್ತಿ ಕಂತೆಯನ್ನು ಅವನಿಗೆ ಕೊಟ್ಟು, ಇದನ್ನು ರೋಮಿಗೆ ಕಳಿಸಿ ಬದಲಿಗೆ ರಾಫೆಲನ ಕೆಲಸಗಳನ್ನು ತರಿಸಿಕೊಡು ಎಂದು ಕೇಳಿಕೊಂಡ.

ಈ ಗೆರೆ ಯಾರದು?

ಪಡಿಯಚ್ಚು ಸುಲಭವಾದೊಡನೆ ಒಡೆತನದ ಜಗಳ ಶುರುವಾಯಿತು. ರೋಮಿಗೆ ಬರುವ ಮುಂಚೆ ಮಾರ್ಕಾಂಟೋನಿಯೊ ವೆನಿಸ್ಸಿನಲ್ಲಿದ್ದ. ಸಂತ ಮಾರ್ಕನ ಚೌಕದಲ್ಲಿ ಡ್ಯೂರರನ ಹಾಳೆಗಳನ್ನು ಕಂಡು ಬೆರಗಾಗಿ, ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿದು ಕೊಂಡನೆಂದು ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ ಹೇಳುತ್ತಾನೆ. ಆಮೇಲೆ ಮೇರಿಮಾತೆಯ ಜೀವನದ ಮರದಚ್ಚುಗಳಲ್ಲಿ 17ನ್ನು ಗೆರೆಗೆ ಗೆರೆ ತಾಮ್ರದಲ್ಲಿ ಇಳಿಸಿದ. ಮರದ ದಪ್ಪ ಗೆರೆಯನ್ನು ತಾಮ್ರದಲ್ಲಿ ತೋರಿಸುವುದು ಸಾಮಾನ್ಯ ಕೈಚಳಕವಲ್ಲ. ತೊಂದರೆಯಾದದ್ದು ಮೂಲೆಯಲ್ಲಿ: ‘ಎ’ ಅಕ್ಷರದ ಕಾಲುಗಳ ನಡುವೆ ‘ಡಿ’ ಕೂತಿರುವ ಡ್ಯೂರರನ ಮುದ್ರೆಯನ್ನೂ ಬಿಡದೆ ಕಂಡರಿಸಿದ್ದ. ಡ್ಯೂರರ್ ವೆನಿಸ್ಸಿಗೇ ಬಂದು ದೂರು ಕೊಟ್ಟನೆಂದೂ, ಚಿತ್ರವನ್ನು ಯಾರು ಬೇಕಾದರೂ ತೆಗೆಯಲಿ, ಮುದ್ರೆಯನ್ನು ಮಾತ್ರ ಹಾಕಕೂಡದು ಎಂದು ತೀರ್ಪಾಯಿತೆಂದೂ ವಸಾರಿಯ ಕಥೆ. 1512ರಲ್ಲಿ ನ್ಯೂರೆಂಬರ್ಗಿನ ನಗರಸಭೆ ಕೊಟ್ಟ ಆಜ್ಞೆಯೂ ಇದೇ ಧಾಟಿಯದು. ಅಲ್ಲಿನ ಪುರಭವನದ ಮುಂದೆಯೇ ಒಬ್ಬ ಡ್ಯೂರರನ ಕಳ್ಳಮುದ್ರೆಯ ಹಾಳೆಗಳನ್ನು ಮಾರುತ್ತಿದ್ದ. ಅದಕ್ಕೆ ಒಂದು ವರ್ಷ ಹಿಂದೆ ಡ್ಯೂರರ್ ತನ್ನ ಪುಸ್ತಕಗಳ ಕೊನೆಯಲ್ಲಿ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ರಕ್ಷಣೆಯಿದೆ, ನಕಲು ಮಾಡಿದವರು ಜೋಕೆ, ಎಂಬರ್ಥದ ಖಡಕ್ ಎಚ್ಚರಿಕೆ ಅಚ್ಚು ಹಾಕಿಸಿದ್ದ.

ವೆನಿಸ್ ಇಂಥ ಸನ್ನದು ಕೊಡುವುದರಲ್ಲಿ ಮುಂದಿತ್ತು. ಆ ನಗರವನ್ನು ಹಕ್ಕಿಯ ಕಣ್ಣಿನಿಂದ ಕಂಡಂತೆ ತೋರಿಸುವ ಯಾಕೊಪೊ ದೆ ಬಾರ್ಬರಿಯ ಭಾರೀ ಮರದಚ್ಚಿಗೆ ಆರು ಹಲಗೆ, ಮೂರು ವರ್ಷದ ಕೆಲಸ ಹಿಡಿದಿತ್ತು. ಪ್ರಕಾಶಕ ಆಂಟನ್ ಕೋಲ್ಬ್ 1500ರಲ್ಲಿ ನಾಲ್ಕು ವರ್ಷದ ಏಕಸ್ವಾಮ್ಯ ಕೇಳಿಕೊಂಡ. ಒಂದು ಪ್ರತಿಗೆ ಮೂರು ಡುಕಾಟ್ ಬೆಲೆ. ಆ ಹಲಗೆಗಳು ಇಂದಿಗೂ ವೆನಿಸ್ಸಿನ ಕೊರ್ರೇರ್ ಸಂಗ್ರಹಾಲಯದಲ್ಲಿವೆ. ಹಲವು ಹಲಗೆಗಳಿಂದ ಬಿಸಿಲುನೆರಳನ್ನು ಬಣ್ಣದಲ್ಲಿ ಒತ್ತುವ ವಿದ್ಯೆಗೆ 1516ರಲ್ಲಿ ಊಗೊ ದ ಕಾರ್ಪಿ ಅಲ್ಲೇ ಸನ್ನದು ಬೇಡಿದ, ಜರ್ಮನಿಯಲ್ಲಿ ಅದು ಆಗಲೇ ನಡೆಯುತ್ತಿದ್ದರೂ. 1575ರಲ್ಲಿ ಮಾಂಟುವಾದ ದಿಯಾನಾ ಸ್ಕುಲ್ತೋರಿ ಎಂಬ ಕಂಡರಣೆಗಾರ್ತಿ ತನ್ನದೇ ಹೆಸರಿನಲ್ಲಿ ಪೋಪನಿಂದ ಸನ್ನದು ಪಡೆದಳು. ಇಂದಿನ ಕೃತಿಸ್ವಾಮ್ಯದ ಹಳೆಯ ಬೇರುಗಳಲ್ಲಿ ಒಂದನ್ನು ಇಲ್ಲಿ ಕಾಣಬಹುದು.

ನೇಯ್ದ ಚಿತ್ರ, ಸುಟ್ಟ ಮಣ್ಣು

ಕಾಗದವೊಂದೇ ದಾರಿಯಾಗಿರಲಿಲ್ಲ. ಸಿಸ್ಟೀನ್ ಮಂದಿರಕ್ಕೆ ಬೇಕಾದ ನೇಯ್ಗೆಚಿತ್ರಗಳಿಗಾಗಿ 1515-16ರಲ್ಲಿ ರಾಫೆಲ್ ಆಳೆತ್ತರದ ಕಾಗದದ ಮಾದರಿಗಳನ್ನು ಬರೆದ. ಬ್ರಸೆಲ್ಸಿನ ಪೀಟರ್ ವಾನ್ ಆಲ್ಸ್ಟ್‌ನ ಮಗ್ಗಗಳಲ್ಲಿ ನೇಕಾರರು ಅವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ನೂಲಿನ ಕೆಳಗಿಟ್ಟುಕೊಂಡು ನೇಯ್ದರು. ನೇಯ್ಗೆಯಲ್ಲೂ ಎಡಬಲ ತಿರುಗುತ್ತದೆ, ಹಾಗಾಗಿ ರಾಫೆಲ್ ಎಲ್ಲವನ್ನೂ ತಿರುವಿ ಬರೆಯಬೇಕಾಯಿತು. ಮಾದರಿ ಉಳಿದದ್ದರಿಂದ ಮತ್ತೆ ನೇಯಬಹುದಿತ್ತು. ಇಂಗ್ಲೆಂಡಿನ ಎಂಟನೆಯ ಹೆನ್ರಿಯೂ ಒಂದು ಸರಣಿ ಕೊಂಡ. ಏಳು ಮಾದರಿಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿವೆ.

ಫ್ಲಾರೆನ್ಸಿನ ಲೂಕಾ ದೆಲ್ಲಾ ರೋಬ್ಬಿಯಾ 1440ರ ದಶಕದಲ್ಲಿ ಸುಟ್ಟಮಣ್ಣಿನ ಶಿಲ್ಪಕ್ಕೆ ತವರದ ಬಿಳಿ ಗಾಜುಲೇಪ ಕೊಡುವ ಬಗೆ ಕಂಡುಕೊಂಡ. ಮಳೆಬಿಸಿಲಿಗೆ ಕೆಡದ, ಅಮೃತಶಿಲೆಗಿಂತ ಅಗ್ಗದ, ಎರಕದಲ್ಲಿ ಹತ್ತಾರು ತೆಗೆಯಬಹುದಾದ ಮೂರ್ತಿ ಅದು. ಮನೆತನ ಆ ಪಾಕವನ್ನು ಮೂರು ತಲೆಮಾರು ಗುಟ್ಟಾಗಿಟ್ಟುಕೊಂಡು ಬದುಕಿತು.

ಆಂಟ್ವರ್ಪಿನ ಅಂಗಡಿ

1527ರಲ್ಲಿ ಚಕ್ರವರ್ತಿಯ ಸೈನಿಕರು ರೋಮನ್ನು ಕೊಳ್ಳೆಹೊಡೆದಾಗ ಕಲಾವಿದರು ದಿಕ್ಕಾಪಾಲಾದರು. ಶತಮಾನದ ನಡುವಿಗೆ ಅಚ್ಚಿನ ವ್ಯಾಪಾರದ ಮತ್ತೊಂದು ದೊಡ್ಡ ಊರಾಗಿ ಆಂಟ್ವರ್ಪ್ ಎದ್ದುನಿಂತಿತ್ತು. ಅಲ್ಲಿ ಹಿಯೆರೊನಿಮಸ್ ಕಾಕ್ ಮತ್ತು ಅವನ ಹೆಂಡತಿ ವೋಲ್ಕ್ಸ್‌ಕೆನ್ ಡೀರಿಕ್ಸ್ ‘ನಾಲ್ಕು ಗಾಳಿಗಳು’ ಎಂಬ ಹೆಸರಿನ ಅಚ್ಚಿನ ಅಂಗಡಿ ನಡೆಸಿದರು. ಇಟಲಿಯಿಂದ ಜಾರ್ಜೊ ಗೀಸಿಯನ್ನು ಕರೆಸಿ ರಾಫೆಲನ ‘ಅಥೆನ್ಸಿನ ಶಾಲೆ’ಯನ್ನು 1550ರಲ್ಲಿ ತಾಮ್ರದಲ್ಲಿ ಹೊರತಂದರು. ಪೋಪನ ಅರಮನೆಯ ಒಳಕೋಣೆಯ ಗೋಡೆ ಈಗ ಆಂಟ್ವರ್ಪಿನ ಗಿರಾಕಿಯ ಮೇಜಿಗೆ ಬಂತು. ಪೀಟರ್ ಬ್ರೂಗೆಲ್ ಈ ಅಂಗಡಿಗೇ ರೇಖಾಚಿತ್ರ ಬರೆದು ಹೆಸರು ಮಾಡಿದವನು. 1557ರಲ್ಲಿ ಅವನ ‘ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆ’ ಅಚ್ಚಾದಾಗ ಕಾಕ್ ಅದರ ಮೇಲೆ ಹಾಕಿದ್ದು ಬ್ರೂಗೆಲನ ಹೆಸರನ್ನಲ್ಲ, ನಲವತ್ತು ವರ್ಷ ಹಿಂದೆ ಸತ್ತಿದ್ದ, ಹೆಚ್ಚು ಬಿಕರಿಯಾಗುವ ಚಿತ್ರಕಾರ ಬಾಶ್‌ನ ಹೆಸರನ್ನು! ಕಾಕ್ 1570ರಲ್ಲಿ ತೀರಿಕೊಂಡ ಮೇಲೆ ವೋಲ್ಕ್ಸ್‌ಕೆನ್ ಮೂವತ್ತು ವರ್ಷ ಅಂಗಡಿಯನ್ನು ಮುನ್ನಡೆಸಿದಳು.

ಫತೇಪುರ ಸಿಕ್ರಿ, ಬಿಜಾಪುರ

ಅದೇ ಆಂಟ್ವರ್ಪಿನಲ್ಲಿ ಕ್ರಿಸ್ಟೋಫ್ ಪ್ಲಾಂಟಿನ್ 1568ರಿಂದ 1573ರ ನಡುವೆ ಹಲವು ಭಾಷೆಗಳ ಬೈಬಲನ್ನು ಎಂಟು ಸಂಪುಟಗಳಲ್ಲಿ ಮುದ್ರಿಸಿದ. 1579ರ ನವೆಂಬರಿನಲ್ಲಿ ಗೋವೆಯಿಂದ ಹೊರಟ ಜೆಸುಯಿಟ್ ಪಾದ್ರಿಗಳು 1580ರಲ್ಲಿ ಫತೇಪುರ ಸಿಕ್ರಿಗೆ ಬಂದು ಅದರ ಸಂಪುಟಗಳನ್ನು ಅಕ್ಬರನ ಮುಂದಿಟ್ಟರು. ಅವುಗಳ ಮುಖಪುಟದ ಕಂಡರಣೆಗಳಲ್ಲಿದ್ದ ಆಕೃತಿಗಳನ್ನು ಮೊಗಲ್ ಚಿತ್ರಶಾಲೆಯ ಬಸಾವನ್ ತನ್ನ ಚಿತ್ರಗಳಿಗೆ ಒಗ್ಗಿಸಿಕೊಂಡ. ಅಬುಲ್ ಹಸನ್ ಎಂಬ ಹುಡುಗ 1600ರಲ್ಲಿ, ತನ್ನ ಹನ್ನೆರಡರ ಹರೆಯದ ಆಸುಪಾಸಿನಲ್ಲಿ, ಡ್ಯೂರರನ 1511ರ ಶಿಲುಬೆಯ ಚಿತ್ರದಿಂದ ಸಂತ ಯೋಹಾನನೊಬ್ಬನನ್ನೇ ಆರಿಸಿಕೊಂಡು ಬರೆದ. ಮೂಲದ ಹಾಳೆ ಅಂಗೈಯಷ್ಟು. ಹೆಣೆದ ಕೈಬೆರಳುಗಳ ಸಂಕಟ, ಮೇಲಂಗಿಯ ಮಡಿಕೆಗಳ ಭಾರ ಎರಡೂ ಹುಡುಗನ ಕುಂಚದಲ್ಲಿ ಬಂದಿವೆ. ಆ ರೇಖಾಚಿತ್ರ ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಹುಡುಗ ಮುಂದೆ ಜಹಾಂಗೀರನ ನೆಚ್ಚಿನ ಚಿತ್ರಕಾರನಾದ.

ನಮ್ಮ ನಾಡಿಗೂ ಈ ಗಾಳಿ ಬೀಸಿತ್ತು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಸ್ಥಾನದಲ್ಲಿ 1610ರ ಸುಮಾರಿನಿಂದ ಹಾರ್ಲೆಮ್ ಊರಿನ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬ ಡಚ್ ಚಿತ್ರಕಾರ ಕೆಲಸಕ್ಕಿದ್ದ. ಬಿಜಾಪುರದಲ್ಲೂ ಕೆಲವು ವರ್ಷ ಇದ್ದನೆಂದು ಹಲವು ವಿದ್ವಾಂಸರು ಹೇಳುವ ಮೊಗಲ್ ಚಿತ್ರಕಾರ ಫರುಖ್ ಬೇಗ್, ಮುಪ್ಪಿನ ದಿನಗಳಲ್ಲಿ ಒಬ್ಬ ಬಾಗಿದ ಬೆನ್ನಿನ ಮುದುಕನನ್ನು ಬರೆದ. ಅದರ ಮೂಲ ಆಂಟ್ವರ್ಪಿನ ಮಾರ್ಟಿನ್ ಡಿ ವೋಸ್ ಕಲ್ಪಿಸಿ ರಾಫೆಲ್ ಸಾಡೆಲರ್ ಕಂಡರಿಸಿದ ಒಂದು ಅಚ್ಚುಚಿತ್ರ. ಪಶ್ಚಿಮದ ಮುದುಕನ ಸುತ್ತ ಫರುಖ್ ಬೇಗ್ ತನ್ನದೇ ಬಗೆಯ ಮರ, ಎಲೆ, ಬಣ್ಣಗಳನ್ನು ಬೆಳೆಸಿದ್ದಾನೆ. ಇದನ್ನು ಅನುಕರಣೆ ಎಂದು ತಳ್ಳಿಹಾಕುವವರು ಚಿತ್ರವನ್ನು ಸರಿಯಾಗಿ ನೋಡಿಲ್ಲ.

ಹಲಗೆಯ ಬಿರುಕು

1741ರಲ್ಲಿ ಒಬ್ಬ ಡಚ್ ಕಪ್ತಾನ ಬಂಗಾಳದಿಂದ ಕ್ಲಾರಾ ಎಂಬ ಹೆಣ್ಣು ಘೇಂಡಾಮೃಗವನ್ನು ಯೂರೋಪಿಗೆ ತಂದು ಊರೂರು ಮೆರೆಸಿದ. 1749ರಲ್ಲಿ ಪ್ಯಾರಿಸ್ಸಿನಲ್ಲಿ ಜಾನ್ ಬಾಪ್ತಿಸ್ತ್ ಊದ್ರಿ ಅವಳನ್ನು ನೋಡಿ, ಇದ್ದ ಗಾತ್ರದಲ್ಲೇ ಬರೆದ. ಹೆಗಲ ಮೇಲಿನ ಆ ಪುಟ್ಟ ಕೊಂಬು ಪುಸ್ತಕಗಳಿಂದ ಮೆಲ್ಲನೆ ಮರೆಯಾದದ್ದು ಆಮೇಲೆ.

ಡ್ಯೂರರ್ 1528ರಲ್ಲಿ ತೀರಿಕೊಂಡ ಮೇಲೂ ಅವನ ಮರದ ಹಲಗೆ ಕೈಯಿಂದ ಕೈಗೆ ಹೋಗುತ್ತ, ಹೊಸ ಹೊಸ ಮುದ್ರಣ ಕಾಣುತ್ತ ನೆದರ್ಲೆಂಡ್ಸ್ ಸೇರಿತು. 1620ರ ಸುಮಾರಿಗೆ ಆಂಸ್ಟರ್‌ಡ್ಯಾಮಿನ ವಿಲ್ಲೆಮ್ ಯಾನ್ಸೆನ್ ಅದಕ್ಕೆ ಬಣ್ಣದ ಇನ್ನೊಂದು ಹಲಗೆ ಜೋಡಿಸಿ ಮತ್ತೆ ಅಚ್ಚು ಹಾಕಿದ. ಆ ಹಾಳೆಗಳಲ್ಲಿ ಘೇಂಡಾಮೃಗದ ಕಾಲುಗಳನ್ನು ದಾಟಿ ಒಂದು ಸೀಳು ಹಾದುಹೋಗುತ್ತದೆ. ನೂರು ವರ್ಷ ಒತ್ತಿಸಿಕೊಂಡ ಹಲಗೆ ಅಲ್ಲಿ ಬಿರುಕು ಬಿಟ್ಟಿತ್ತು.